ಫೈವಿಶನ ಅಧಿಕಮಾಸ

ಲೆಕ್ಕ ಮತ್ತೆ ತಪ್ಪಿತು. ಮೂರನೆಯ ಸಾಲಿನಲ್ಲಿ ಒಬ್ಬ ಹೆಚ್ಚೋ, ಆರನೆಯ ಸಾಲಿನಲ್ಲಿ ಒಬ್ಬ ಕಡಿಮೆಯೋ, ಅಂತೂ ಬ್ಯಾರಕ್ಕಿನ ಮುಖಂಡ ಬೆವರೊರೆಸಿಕೊಂಡು ಮೊದಲಿನಿಂದ ಎಣಿಸತೊಡಗಿದ. ಯೆಹೂದಿಗಳನ್ನು ಕೂಡಿಹಾಕಿದ್ದ ಆ ಕೂಲಿ ಶಿಬಿರದ ಬೆಳಗಿನ ಹಾಜರಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಫೈವಿಶನಿಗೆ ಈ ಮನುಷ್ಯನ ಬಗ್ಗೆ ಒಳಗೊಳಗೇ ತಾತ್ಸಾರ. ಎದುರಿಗೇ ನಿಂತಿರುವ ಇನ್ನೂರ ಹನ್ನೆರಡು ಜನರನ್ನು ಇವನಿಗೆ ಎಣಿಸಲಾಗುವುದಿಲ್ಲ. ತಾನು ಮಾತ್ರ ಆರೂವರೆ ತಿಂಗಳಿಂದ, ಕಾಗದವಿಲ್ಲದೆ, ಸೀಸದ ಕಡ್ಡಿಯಿಲ್ಲದೆ, ಕಣ್ಣಿಗೆ ಕಾಣದ ದಿನಗಳನ್ನು ತಲೆಯೊಳಗೇ ಎಣಿಸುತ್ತ ಬಂದಿದ್ದೇನೆ, ಒಂದು ದಿನವೂ ಆಚೀಚೆ ಆಗಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಆಗಿಲ್ಲ. ನಿನ್ನೆಯಂತೂ ಅವನ ಲೆಕ್ಕಕ್ಕೆ ಕಿರೀಟ ಇಟ್ಟಂಥ ದಿನ. ಅವನು ಹೇಳಿದನೆಂದು, ಬರೀ ಅವನೊಬ್ಬ ಹೇಳಿದನೆಂದು, ಬ್ಯಾರಕ್ಕಿನ ಮೂವತ್ತಕ್ಕೂ ಹೆಚ್ಚು ಜನ ಯೋಮ್ ಕಿಪುರ್ ಉಪವಾಸ ಮಾಡಿದ್ದರು. ವರ್ಷದ ಪಾಪಗಳನ್ನೆಲ್ಲ ದೇವರ ಮುಂದೆ ಹೇಳಿಕೊಂಡು ಕ್ಷಮೆ ಕೇಳುವ ದಿನ ಅದು. ಬೆಳಗಿನ ಬ್ರೆಡ್ಡನ್ನು ಅಂಗಿಯೊಳಗೆ ಇಟ್ಟುಕೊಂಡು ಸಂಜೆ ತಿನ್ನಬಹುದು, ಮಧ್ಯಾಹ್ನದ ಸಾರನ್ನು ಹಾಗೆ ಇಟ್ಟುಕೊಳ್ಳಲಾಗುವುದಿಲ್ಲವಲ್ಲ. ಆ ಸಾರನ್ನೂ ಬಿಟ್ಟು, ಎಂದಿನಂತೆ ಮರ ಹೊತ್ತು, ತುಟಿ ಒಣಗಿಸಿಕೊಂಡು ಮೂವತ್ತು ಜನ ಸಂಜೆಯವರೆಗೆ ಕಾದರು. ಕತ್ತಲಾಗುತ್ತಿದ್ದಂತೆ ಎಲ್ಲರೂ ನೋಡಿದ್ದು ಆಕಾಶವನ್ನಲ್ಲ, ಫೈವಿಶನ ಮುಖವನ್ನು. ಅವನು ತಲೆಯಾಡಿಸಿದ ಮೇಲೇ ಬ್ರೆಡ್ಡು ಹೊರಗೆ ಬಂತು. ಆ ತಲೆಯಾಡಿಸುವಿಕೆಯನ್ನು ಅವನು ಅಗತ್ಯಕ್ಕಿಂತ ತುಸು ನಿಧಾನವಾಗಿಯೇ ಮಾಡಿದ್ದ. ಅದು ಅವನಿಗೂ ಗೊತ್ತು.

ಪಂಚಾಂಗ ಎಂಬ ಹೆಸರು ಅವನಿಗೆ ಬಂದದ್ದು ಚಳಿಗಾಲದ ಕೊನೆಯಲ್ಲಿ. ಅದಕ್ಕೆ ಮೊದಲು ದಿನಗಳ ಲೆಕ್ಕವನ್ನು ಇಟ್ಟುಕೊಂಡಿದ್ದವನು, ಊರವರಿಗೆ ಶಾಸ್ತ್ರದ ಪ್ರಕಾರ ಕೋಳಿ ಕೊಯ್ದುಕೊಡುತ್ತಿದ್ದ ಒಬ್ಬ ಮುದುಕ. ಓದಿದವರೆಲ್ಲ ಆ ಚಳಿಗಾಲದ ಜ್ವರದಲ್ಲಿ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಮುದುಕನ ಸರದಿಯೂ ಬಂತು. ಅವನು ಸಾಯುವ ಬೆಳಿಗ್ಗೆ ಫೈವಿಶನ ತೋಳು ಹಿಡಿದು, ‘ಇವತ್ತು ಅದಾರ್ ತಿಂಗಳ ಇಪ್ಪತ್ತು. ಬಿಡಬೇಡ, ಇಲ್ಲಿಂದ ಮುಂದೆ ನೀನೇ ಹಿಡಕೋ’ ಎಂದ. ಫೈವಿಶನನ್ನೇ ಆರಿಸಿದ್ದಕ್ಕೂ ಕಾರಣವಿತ್ತು: ರಾದೊಮ್ ಊರಿನಲ್ಲಿ ಗೋಡೆಗೆ ತೂಗುಹಾಕುವ ಪಂಚಾಂಗಗಳನ್ನು ಅಚ್ಚು ಹಾಕುತ್ತಿದ್ದ ಪ್ರೆಸ್ಸಿನಲ್ಲಿ ಅವನು ಹದಿನಾಲ್ಕು ವರ್ಷ ಕೆಲಸ ಮಾಡಿದ್ದ. ಹದಿನಾಲ್ಕು ವರ್ಷ ಎಂದು ಅವನು ಹೇಳಿದಾಗ ಸುತ್ತ ನಿಂತವರು ಗೌರವದಿಂದ ತಲೆದೂಗಿದರು. ಅಲ್ಲಿ ತಾನು ಮಾಡುತ್ತಿದ್ದದ್ದು ಅಚ್ಚಿನ ಮೊಳೆ ಜೋಡಿಸುವುದು ಮಾತ್ರ, ಲೆಕ್ಕ ಹಾಕುತ್ತಿದ್ದವರು ಬೇರೆ, ಅವರು ಬರೆದುಕೊಟ್ಟದ್ದನ್ನು ಅಕ್ಷರಕ್ಕಕ್ಷರ ತಿರುಗುಮುರುಗಾಗಿ ಕೂರಿಸುವುದಷ್ಟೇ ತನ್ನ ವಿದ್ಯೆ, ಶನಿವಾರದ ಎದುರಿಗೆ ಮಂಗಳವಾರದ ಹಬ್ಬ ಬರೆದುಕೊಟ್ಟಿದ್ದರೂ ಅದನ್ನೇ ನೀಟಾಗಿ ಜೋಡಿಸುತ್ತಿದ್ದೆ ಎಂಬುದನ್ನು ಅವನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಕೇಳದೇ ಇದ್ದದ್ದನ್ನು ಹೇಳದಿರುವುದು ಸುಳ್ಳಲ್ಲ ಎಂದು ಅವನು ತನ್ನನ್ನು ಸಮಾಧಾನಪಡಿಸಿಕೊಂಡ. ಆಮೇಲೆ ಜನ ದಾರಿಯಲ್ಲಿ ತಡೆದು, ‘ಪಂಚಾಂಗ, ಇವತ್ತು ಏನು?’ ಎಂದು ಕೇಳತೊಡಗಿದಾಗ ಸಮಾಧಾನದ ಅಗತ್ಯವೂ ಉಳಿಯಲಿಲ್ಲ. ಯಾರಿಗೂ ಬೇಡವಾದ ಸಣಕಲು ಮನುಷ್ಯ. ಪ್ರೆಸ್ಸಿನಲ್ಲಿ ಒಡೆಯ ಅವನ ಹೆಸರನ್ನೇ ಸರಿಯಾಗಿ ಕರೆಯುತ್ತಿರಲಿಲ್ಲ. ಇಲ್ಲಿ ಅವನು ಬಾಯಿ ತೆರೆದರೆ ಹಬ್ಬ, ಮುಚ್ಚಿದರೆ ವಾರದ ದಿನ.

‘ಯೋಮ್ ಕಿಪುರ್ ದಿವಸ ಹೀಗೆ ಬೆವರು ಸುರಿದದ್ದು ನನ್ನ ಜನ್ಮದಲ್ಲೇ ಇದೇ ಮೊದಲು,’ ಎಂದ ಶಾಯಾ, ತುಟಿ ಅಲುಗಿಸದೆ. ಹಾಜರಿಯಲ್ಲಿ ತುಟಿ ಅಲುಗಿಸದೆ ಮಾತಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಊರಿನಲ್ಲಿ ಕ್ಷೌರಿಕ, ಗಿರಾಕಿಯ ಕುತ್ತಿಗೆಯ ಹಿಂದೆ ನಿಂತು ಗಿರಾಕಿಯ ಬಗ್ಗೆಯೇ ಗೊಣಗಿ ಅಭ್ಯಾಸ. ‘ನಮ್ಮಜ್ಜ ಕೋಟು ಹಾಕದೆ ಆವತ್ತು ಪ್ರಾರ್ಥನೆಗೆ ಹೋದದ್ದೇ ಇಲ್ಲ. ಏನು ರೆಬ್ ಪಂಚಾಂಗ, ಈ ಸಲ ದೇವರಿಗೆ ಅವಸರ ಇತ್ತಾ?’ ಹಿರಿಯರ ಹೆಸರಿಗೆ ಸೇರಿಸುವ ‘ರೆಬ್’ ಎಂಬ ಮರ್ಯಾದೆ ಅವನ ಬಾಯಲ್ಲಿ ಗೇಲಿಯಾಗಿತ್ತು.

‘ಐದು ಬಟ್ಟಲು ಸಾರು ಕುಡಿದವರಿಗೆ ಬೆವರು ಬರದೆ ಇನ್ನೇನು ಬರುತ್ತೆ, ಭಾವ,’ ಎಂದ ಆಚೆ ಪಕ್ಕದ ಬೆರಿಶ್. ಶಾಯಾ ಮದುವೆಯಾದದ್ದು ಬೆರಿಶನ ಅಕ್ಕನನ್ನು. ದೇವರಿಗೂ ಶಾಯಾಗೂ ಹುಡುಗುತನದಿಂದಲೇ ಮಾತು ಬಿಟ್ಟಿತ್ತು. ನಿನ್ನೆ ಅವನು ಉಪವಾಸದವರ ಸಾರನ್ನು ಕೇಳಿ ಪಡೆದು, ಎಲ್ಲರಿಗೂ ಕಾಣುವಂತೆ ಮರದ ರಾಶಿಯ ಮೇಲೆ ಕೂತು ಕುಡಿದಿದ್ದ.

ಫೈವಿಶ್ ನಗಲಿಲ್ಲ. ಬಿಸಿಲು ನಿಜವಾಗಿಯೂ ಹೆಚ್ಚಾಗಿತ್ತು. ಬಿಸಿಲಿದ್ದರೆ ಇರಲಿ, ಪಂಚಾಂಗಕ್ಕೂ ಬಿಸಿಲಿಗೂ ಏನು ಸಂಬಂಧ, ಆದರೂ ಕೋಟು ಎಂಬ ಮಾತು ಎಲ್ಲೋ ಸಿಕ್ಕಿಕೊಂಡಿತು. ಅವನ ಕೋಟಿನ ತೋಳು, ತೋಳಿನಲ್ಲಿ ಹರಿದ ಜಾಗ, ಆ ಜಾಗಕ್ಕೆ ಬಾಗಿದ ಹೆಂಡತಿ ಫ್ರುಮೆಟ್‌ಳ ತಲೆ. ಕೋಟನ್ನು ಮೈಮೇಲಿಂದ ತೆಗೆಯಲು ಬಿಡದೆ ಹಾಗೇ ಹೊಲಿಯುತ್ತಿದ್ದಳು, ಒಲೆಯಲ್ಲಿ ಕುರ್ಚಿಯ ಕಾಲು ಉರಿಯುತ್ತಿತ್ತು, ದಾರವನ್ನು ಹಲ್ಲಿನಲ್ಲಿ ಕಡಿಯುವಾಗ ಅವಳ ಮೂಗು ಅವನ ಮಣಿಕಟ್ಟಿಗೆ ತಾಗಿತು. ‘ಈ ವರ್ಷ ಎರಡು ಅದಾರ್ ಕಣ್ರೀ,’ ಎಂದಳು. ‘ಪೆಸಾಖ್‌ ಹಬ್ಬಕ್ಕೆ ಹಿಟ್ಟು ಕೂಡಿಡೋಕೆ ದೇವರು ಒಂದು ತಿಂಗಳು ಹೆಚ್ಚಿಗೆ ಕೊಟ್ಟಿದ್ದಾನೆ. ಹಿಟ್ಟು ಎಲ್ಲಿಂದ ತರೋದು ಅಂತ ಮಾತ್ರ ಹೇಳಿಲ್ಲ.’ ಅವಳನ್ನು ಸೈನಿಕರು ಕರೆದೊಯ್ದದ್ದು ಅದಾದ ಮೂರನೆಯ ವಾರ. ಇಲ್ಲಿಗೆ ಬಂದ ದಿನವೇ ಫೈವಿಶ್ ಮನಸ್ಸಿನಲ್ಲಿ ಆ ಅಡುಗೆಮನೆಯ ಬಾಗಿಲು ಹಾಕಿ ಅಗುಳಿ ಹಾಕಿಬಿಟ್ಟಿದ್ದ, ನೆನೆದರೆ ಉಳಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಅವನು ಉಳಿಯಬೇಕೆಂದಿದ್ದ. ಬಾಗಿಲು ಹಾಕುವಾಗ ಒಳಗೆ ಅವಳ ಜೊತೆ ಇನ್ನೇನು ಉಳಿದುಹೋಯಿತು ಎಂದು ನೋಡಿರಲಿಲ್ಲ. ಎರಡು ಅದಾರ್. ಮೂರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವ ಅಧಿಕಮಾಸ. ಮುದುಕ ಅದಾರ್ ಇಪ್ಪತ್ತು ಎಂದಿದ್ದ. ಯಾವ ಅದಾರ್ ಎಂದು ಹೇಳಿರಲಿಲ್ಲ. ಮೊದಲನೆಯದನ್ನೇ ಅವನು ಹೇಳಿದ್ದು, ಇನ್ನೊಂದು ಬರುತ್ತದೆ ಎಂಬುದು ಕೂಸಿಗೂ ಗೊತ್ತಿರುವ ಸಂಗತಿಯೆಂದು ಬಿಟ್ಟಿದ್ದ. ಫೈವಿಶ್ ಅದಾರ್ ಮುಗಿಸಿ ನೇರವಾಗಿ ಮುಂದಿನ ತಿಂಗಳಾದ ನಿಸಾನ್ ಹಿಡಿದಿದ್ದ. ಹಾಗಾದರೆ ಹುಳಿ ಬಂದ ಬ್ರೆಡ್ಡು ಮುಟ್ಟಬಾರದ ಪೆಸಾಖ್ ಎಂದು ಎಂಟು ದಿನ ಬ್ರೆಡ್ಡು ಬಿಟ್ಟು ಕೊಳೆತ ಆಲೂಗಡ್ಡೆಗೆ ಬದಲಾಯಿಸಿಕೊಂಡದ್ದು ಸುಳ್ಳು. ನಿಜವಾದ ಪೆಸಾಖ್‌ನಲ್ಲಿ ಎಲ್ಲರೂ ಬ್ರೆಡ್ಡು ತಿಂದಿದ್ದಾರೆ. ಹಾಗಾದರೆ ನಿನ್ನೆ ಯಾವ ದಿನವೂ ಆಗಿರಲಿಲ್ಲ. ಯೋಮ್ ಕಿಪುರ್ ಇನ್ನೂ ಒಂದು ತಿಂಗಳಾಚೆ ಇದೆ. ಅವನ ಕೈಯಿಂದ ಟೋಪಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಹೆಗಲ ಮೇಲೆ ಪಹರೆಯವನ ಕೋಲು ಬಿತ್ತು, ಸಾಲು ಅಲುಗಿತು, ಮುಖಂಡನ ಲೆಕ್ಕ ಮತ್ತೆ ತಪ್ಪಿತು. ‘ಇವತ್ತೇನು ಪಂಚಾಂಗಕ್ಕೆ ಗ್ರಹಣವಾ,’ ಎಂದು ಹಿಂದಿನಿಂದ ಯಾರೋ ಗೊಣಗಿದರು. ಇನ್ನರ್ಧ ಗಂಟೆ ಇನ್ನೂರ ಹನ್ನೆರಡು ಜನ ಅವನಿಂದಾಗಿ ನಿಂತರು.

ಮರದ ಅಡ್ಡೆಯಲ್ಲಿ ಅವನಿಗೆ ಜೊತೆಗಾರ ಬೆರಿಶ್. ರೈಲು ಹಳಿಯ ಕೆಳಗೆ ಹಾಕುವ ಸ್ಲೀಪರ್ ಮರಗಳನ್ನು ಇಬ್ಬರು ಹೆಗಲ ಮೇಲೆ ಹೊತ್ತು ಗಾಡಿಗೆ ತುಂಬಬೇಕು. ಬೆರಿಶ್ ಊರಿನಲ್ಲಿ ಹಮಾಲಿ; ಭಾರದ ಮುಕ್ಕಾಲು ಪಾಲು ತನ್ನ ಕಡೆಗೆ ಜಾರುವ ಹಾಗೆ ಮರ ಹಿಡಿಯುವ ಉಪಾಯ ಅವನಿಗೆ ಗೊತ್ತಿತ್ತು, ಫೈವಿಶ್ ಅದನ್ನು ಗಮನಿಸದವನಂತೆ ನಟಿಸುವುದನ್ನು ಕಲಿತಿದ್ದ. ಒಂದು ಕಾಲಕ್ಕೆ ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಷ್ಟು ದೊಡ್ಡ ಆಳು. ಈಗ ಆ ದೊಡ್ಡ ಎಲುಬುಗಳಷ್ಟೇ ಉಳಿದಿದ್ದವು. ಆದರೆ ಇವತ್ತು ಬೆರಿಶ್ ಬೆಳಗುತ್ತಿದ್ದ.

‘ನಾನು ಹುಟ್ಟಿದಾಗಿಂದ ಒಂದು ಸಲಾನೂ ಪೂರ್ತಿ ಉಪವಾಸ ಮಾಡಿರಲಿಲ್ಲ ಕಣಯ್ಯ,’ ಎಂದ, ಮರದ ಆ ತುದಿಯಿಂದ. ‘ಊರಲ್ಲಿ ಮಧ್ಯಾಹ್ನ ಆಗ್ತಿದ್ದ ಹಾಗೆ ಹಿತ್ತಲಿಗೆ ಹೋಗಿ ಒಣಮೀನು ತಿಂದುಬಿಡ್ತಿದ್ದೆ. ಇಲ್ಲಿನ ಸಾರು ಬಿಡೋದೇನು ಕಷ್ಟ ಅಂದುಕೊಂಡೆ. ಕಷ್ಟವೇ ಆಯ್ತು ಮಾರಾಯ.’

‘ಹೂಂ,’ ಎಂದ ಫೈವಿಶ್.

‘ಒಬ್ಬ ಡಾಕ್ಟರ ಹೆಂಡತಿ ಇದ್ದಳು. ಮೂರನೇ ಮಹಡಿಯಿಂದ ಅವಳ ಪಿಯಾನೊ ಇಳಿಸ್ತಾ ಇದ್ವಿ. ನನ್ನನ್ನ ಕತ್ತೆ ಅಂದಳು. ಬೇಕಂತಲೇ ಕೈ ಬಿಟ್ಟೆ. ಇಪ್ಪತ್ತು ವರ್ಷ ಆಯ್ತು, ಆ ಶಬ್ದ ಕಿವೀಲೇ ಇತ್ತು. ನಿನ್ನೆ ಹೇಳಿಬಿಟ್ಟೆ ಮೇಲಿರೋನ ಹತ್ರ.’ ಅವನು ಹೆಗಲ ಮೇಲಿನ ಮರವನ್ನು ಕುತ್ತಿಗೆಯ ಕಡೆಗೆ ಜರುಗಿಸಿಕೊಂಡ. ‘ಇನ್ನೊಂದೂ ಇತ್ತು. ಅದನ್ನೂ ಹೇಳಿದೆ. ಅದು ನಿನಗೆ ಬೇಡ. ಈಗ ಹಗುರ ಆಗಿದೆ. ನೋಡು, ಈ ಮರ ಎತ್ತಿದ್ದೇ ಗೊತ್ತಾಗ್ತಿಲ್ಲ.’

ಮರ ಎತ್ತಿದ್ದು ಅವನಿಗೆ ಗೊತ್ತಾಗುತ್ತಿತ್ತು, ಮೊಣಕಾಲು ನಡುಗುತ್ತಿತ್ತು. ಫೈವಿಶ್ ಆ ನಡುಗುವ ಮೊಣಕಾಲನ್ನೇ ನೋಡುತ್ತ ಹಿಂದೆ ನಡೆದ. ಈಗ ಹೇಳಬೇಕು. ಬೆರಿಶ್, ನಿನ್ನೆ ಏನೂ ಅಲ್ಲ, ನನ್ನದು ತಪ್ಪಾಯಿತು, ಎನ್ನಬೇಕು, ನಾಲ್ಕು ಮಾತು. ಹೇಳಿದರೆ ಇವನು ಏನು ಮಾಡುತ್ತಾನೆಂಬುದೂ ಗೊತ್ತು: ಬೈಯುತ್ತಾನೆ, ನಗುತ್ತಾನೆ, ಬರುವ ತಿಂಗಳು ಮತ್ತೆ ಉಪವಾಸ ಮಾಡುತ್ತಾನೆ. ಈ ಮೈಯಲ್ಲಿ ಇನ್ನೊಂದು ಉಪವಾಸ ಇಲ್ಲ. ಹೇಳದಿದ್ದರೆ ನಿಜವಾದ ದಿನ ಇವನು ಏನೂ ತಿಳಿಯದೆ ಸಾರು ಕುಡಿಯುತ್ತಾನೆ, ಆ ಪಾಪ ಯಾರ ತಲೆಗೆ. ಒಂದು ಕಡೆ ಬೆರಿಶನ ಜೀವ, ಇನ್ನೊಂದು ಕಡೆ ದೇವರ ಹತ್ತಿರ ಬೆರಿಶನ ಲೆಕ್ಕ ಎಂದು ಫೈವಿಶ್ ತೂಗಿ ನೋಡಿದ. ಹಾಗೆ ತೂಗುವಾಗ ಮೂರನೆಯದೊಂದು ಸುಮ್ಮನೆ ಪಕ್ಕದಲ್ಲಿ ನಿಂತಿದ್ದು ಅವನ ಕಣ್ಣಿಗೆ ಬಿತ್ತು: ನಾಳೆಯಿಂದ ತನ್ನನ್ನು ಯಾರೂ ದಾರಿಯಲ್ಲಿ ತಡೆದು ದಿನ ಕೇಳುವುದಿಲ್ಲ ಎಂಬ ಭಯ. ಅದು ಅಲ್ಲಿದೆ ಎಂದು ತಿಳಿದು ಅವನಿಗೆ ನಾಚಿಕೆಯಾಯಿತು. ‘ಮುಂದಿನ ಹಬ್ಬ ಯಾವಾಗ?’ ಎಂದು ಬೆರಿಶ್ ಕೇಳಿದ. ‘ಸುಕ್ಕೋತ್. ಇನ್ನು ನಾಲ್ಕು ದಿನ,’ ಎಂದು ಫೈವಿಶನ ಬಾಯಿ ತಾನೇ ಉತ್ತರ ಕೊಟ್ಟಿತು.

ಭಾನುವಾರ ಅರ್ಧ ದಿನ ಬಿಡುವು. ಬ್ಯಾರಕ್ಕಿನ ಹಿಂದೆ ಶಾಯಾ ಮೊಂಡು ಕತ್ತರಿಯಂತ್ರ ಹಿಡಿದು ಎಲ್ಲರ ತಲೆ ಬೋಳಿಸುತ್ತಿದ್ದ. ತನ್ನ ಸರದಿ ಬಂದಾಗ, ಶಾಯಾನ ಮುಖ ಕಾಣಿಸದ ಧೈರ್ಯದಲ್ಲಿ ಫೈವಿಶ್ ಎಲ್ಲವನ್ನೂ ಹೇಳಿಬಿಟ್ಟ. ದೇವರನ್ನೇ ನಂಬದವನಿಗೆ ದೇವರ ದಿನ ತಪ್ಪಿದರೆ ಏನಂತೆ, ಎರಡು ಮಾತು ಗೇಲಿ ಮಾಡಿ ಹಗುರ ಮಾಡಿಯಾನು ಎಂದು ಅವನ ಆಸೆ. ಯಂತ್ರ ನೆತ್ತಿಯ ಮಧ್ಯದಲ್ಲೇ ನಿಂತುಹೋಯಿತು.

‘ಎರಡು ಅದಾರ್,’ ಎಂದ ಶಾಯಾ. ಆಮೇಲೆ ಅವನ ಹೊಟ್ಟೆ ಕುಲುಕುವುದು ಫೈವಿಶನ ಬೆನ್ನಿಗೆ ತಿಳಿಯಿತು. ‘ಅಯ್ಯೋ ಪಾಪಿ. ನಾನು ಎಷ್ಟು ಕಷ್ಟಪಟ್ಟು ಪಾಪ ಮಾಡಿದೆ ಗೊತ್ತಾ? ಐದನೇ ಬಟ್ಟಲಿಗೆ ವಾಂತಿ ಬರೋ ಹಾಗಿತ್ತು. ಆದರೂ ಬಿಡಲಿಲ್ಲ, ಮೇಲಿರೋನು ನೋಡಲಿ ಅಂತ ಕುಡಿದೆ. ಈಗ ನೋಡಿದರೆ ಅದು ಬರೀ ಗುರುವಾರ. ಇದ್ದಬದ್ದದ್ದನ್ನೆಲ್ಲ ಅವರು ಕಿತ್ಕೊಂಡರು, ನನ್ನ ಹತ್ರ ಒಂದು ಪಾಪ ಉಳಿದಿತ್ತು, ಅದನ್ನ ನೀನು ಕದ್ದೆಯಲ್ಲೋ.’

‘ಬೆರಿಶ್‌ಗೆ ಹೇಳಬೇಕಲ್ಲ,’ ಎಂದ ಫೈವಿಶ್.

ನಗು ನಿಂತಿತು. ಯಂತ್ರ ಮತ್ತೆ ಓಡತೊಡಗಿತು, ಒಂದೆರಡು ಕಡೆ ಚರ್ಮ ಕಿತ್ತಿತು. ‘ಅವರಮ್ಮನ ವಿಷಯ ನಿನಗೆ ಹೇಳಿದಾನಾ?’

‘ಇಲ್ಲ.’

‘ಚೌಕದಲ್ಲಿ ಎಲ್ಲರನ್ನೂ ನಿಲ್ಲಿಸಿದ್ದರಲ್ಲ, ಆವತ್ತು ನಮ್ಮತ್ತೆ ಅವನ ಕೈ ಹಿಡಕೊಂಡಿದ್ದಳು. ಗಟ್ಟಿಮುಟ್ಟಾದೋರು ಈ ಕಡೆ ಬನ್ನಿ ಅಂದರು. ಹಮಾಲಿ ತಾನೇ, ಮೂಟೆ ಹೊರೋಕೆ ಕರೀತಾರೆ ಅಂದುಕೊಂಡು ಕೈ ಬಿಡಿಸಿಕೊಂಡು ಬಂದ. ಅವಳು ಬಿಡಲಿಲ್ಲವಂತೆ, ಇವನೇ ಬೆರಳು ಒಂದೊಂದಾಗಿ ಬಿಡಿಸಿದನಂತೆ. ಆ ಕಡೆ ಉಳಿದೋರು ಯಾರೂ ವಾಪಸ್ ಬರಲಿಲ್ಲ. ಅಂದಿನಿಂದ ನಾನು ಅವನ ಪಕ್ಕ ಮಲಗ್ತಾ ಇದೀನಿ. ಗುರುವಾರ ರಾತ್ರಿ ಮೊದಲನೇ ಸಲ ಅವನು ನಿದ್ದೆ ಮಾಡಿದ.’ ಶಾಯಾ ಅವನ ಬೋಳುತಲೆಯ ಮೇಲೆ ಒಂದು ಏಟು ಕೊಟ್ಟ, ಕೆಲಸ ಮುಗಿಯಿತು ಎಂಬಂತೆ. ‘ಬಾಯಿ ಮುಚ್ಕೊಂಡಿರು. ಮುಂದಿನೋನು ಬಾರಪ್ಪ.’

ಹಾಗೆ ಫೈವಿಶ್ ಬಾಯಿ ಮುಚ್ಚಿಕೊಂಡ, ಅಂದರೆ ಬಾಯಿ ತೆರೆದು ಸುಳ್ಳು ಹಬ್ಬಗಳನ್ನು ಒಂದಾದಮೇಲೊಂದು ಕೊಡುತ್ತಹೋದ. ನಾಲ್ಕನೆಯ ದಿನ ಸುಕ್ಕೋತ್ ಬಂತು, ಅದು ಮುಗಿದು ಧರ್ಮಗ್ರಂಥ ಹಿಡಿದು ಕುಣಿಯಬೇಕಾದ ಹಬ್ಬದ ದಿನ ಬಂತು. ಬೆರಿಶ್ ಮರದ ಅಡ್ಡೆಯ ಹಿಂದೆ ಎರಡು ಹೆಜ್ಜೆ ಕುಣಿದು ಕೂತುಕೊಂಡ. ಎಲ್ಲರೂ ಫೈವಿಶನ ಕಡೆ ಪ್ರೀತಿಯಿಂದ ನೋಡುತ್ತಿದ್ದರು, ಆ ಪ್ರೀತಿ ಅವನಿಗೆ ಹೊತ್ತ ಮರಕ್ಕಿಂತ ಭಾರವಾಗಿತ್ತು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಬೆರಿಶನ ಪಾದದ ಮೇಲೆ ಸ್ಲೀಪರ್ ಜಾರಿ ಬಿತ್ತು. ಜಾರಿದ್ದು ಫೈವಿಶನ ತುದಿಯಿಂದಲ್ಲ, ಬೇರೆಯವನ ತುದಿಯಿಂದ. ಅಷ್ಟು ಸಮಾಧಾನವಾದರೂ ಫೈವಿಶನಿಗೆ ಸಿಕ್ಕಿತು. ಗಾಯ ಕೀವಾಯಿತು. ಕಾಯಿಲೆಯವರ ಬ್ಯಾರಕ್ಕಿಗೆ ಹೊತ್ತುಕೊಂಡು ಹೋಗುವಾಗ ಬೆರಿಶ್, ‘ಈ ವರ್ಷ ಬದುಕೋರು ಯಾರು ಅಂತ ದೇವರು ಬರೆಯೋ ಪುಸ್ತಕದಲ್ಲಿ ನನ್ನ ಹೆಸರು ಆಗಲೇ ಬರೆದಾಗಿದೆ ಬಿಡಿ. ಕಾಲಿನ ವಿಷಯ ಬರೆಯೋಕೆ ಮರೆತಿರಬೇಕು ಅಷ್ಟೆ,’ ಎಂದ. ಮೂರನೆಯ ದಿನ ಅವನು ಇರಲಿಲ್ಲ. ಸುದ್ದಿ ಕೇಳಿದ ಕೂಡಲೆ ಫೈವಿಶನ ಎದೆಯೊಳಗೆ ಏನೋ ಬಿಚ್ಚಿಕೊಂಡಿತು, ಸಡಿಲವಾಯಿತು, ಅದು ಅಳು ಎಂದು ಅವನು ಮೊದಲು ತಿಳಿದ. ಅದು ಅಳುವಾಗಿರಲಿಲ್ಲ. ಇನ್ನು ಅವನಿಗೆ ಹೇಳಬೇಕಾಗಿಲ್ಲ ಎಂಬ ನಿರಾಳವಾಗಿತ್ತು. ತನ್ನ ಪಾಲಿನ ಭಾರವನ್ನು ಇಷ್ಟು ದಿನ ಹೊತ್ತವನು ಸತ್ತಾಗ ತನಗೆ ನಿರಾಳವಾಯಿತು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಒಂದು ದಿನವಿದೆ, ಅದು ಬರುತ್ತದೆ, ಆ ದಿನ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದುಕೊಂಡ. ಯೋಮ್ ಕಿಪುರ್ ಬರುವ ತಿಂಗಳಾದ ತಿಶ್ರೀಯ ನಿಜವಾದ ಮೊದಲ ಚಂದ್ರ ಮರದ ರಾಶಿಯ ಮೇಲೆ ಕಂಡಾಗಿನಿಂದ ಅವನು ಒಳಗೇ ಎರಡನೆಯ ಲೆಕ್ಕವೊಂದನ್ನು ಇಟ್ಟುಕೊಂಡ. ಊರಿಗೆಲ್ಲ ಒಂದು ಪಂಚಾಂಗ, ತನಗೊಬ್ಬನಿಗೆ ಇನ್ನೊಂದು.

ನಿಜವಾದ ಯೋಮ್ ಕಿಪುರ್ ಶನಿವಾರ ಬಿತ್ತು. ಈಗ ಚಳಿ ಸರಿಯಾಗಿತ್ತು, ಕೋಟು ಬೇಕೆನಿಸುವ ಚಳಿ, ದಿನ ಇದೇ ಎಂದು ಹವೆಯೇ ಸಾಕ್ಷಿ ಹೇಳುತ್ತಿತ್ತು. ಬೆಳಗಿನ ಬ್ರೆಡ್ಡನ್ನು ಫೈವಿಶ್ ಅಂಗಿಯೊಳಗೆ ಇಟ್ಟುಕೊಂಡ. ಹಾಜರಿಯಲ್ಲಿ ನಿಂತಾಗ, ಮರ ಹೊತ್ತು ನಡೆದಾಗ, ಮುಟ್ಟಿದ್ದೆಲ್ಲವೂ ಅವನಿಗೆ ಶುಭ್ರವಾಗಿ ಕಂಡಿತು. ಇನ್ನೂರು ಜನರಲ್ಲಿ ಈ ದಿನ ಗೊತ್ತಿರುವವನು ತಾನೊಬ್ಬನೇ ಎಂದು ನೆನೆದಾಗ ಪಶ್ಚಾತ್ತಾಪದ ಮಧ್ಯೆ ಸಣ್ಣದೊಂದು ಹೆಮ್ಮೆಯೂ ತಲೆ ಹಾಕಿತು. ಅಂಥ ಮನುಷ್ಯ ಅವನು, ಏನು ಮಾಡುವುದು. ಮಧ್ಯಾಹ್ನ ಸಾರಿನ ಸಾಲಿನಲ್ಲಿ ನಿಂತು ಬಟ್ಟಲು ತುಂಬಿಸಿಕೊಂಡ, ನಿಲ್ಲದಿದ್ದರೆ ಅನುಮಾನ ಬರುತ್ತದೆ. ಯಾರಿಗಾದರೂ ಕೊಟ್ಟರಾಯಿತೆಂದು ಮರದ ರಾಶಿಯ ಅಂಚಿನಲ್ಲಿ ಕೂತ. ಶಾಯಾ ಬಂದು ಪಕ್ಕದಲ್ಲಿ ಕೂತ.

‘ಯಾಕೆ, ಬಿಸಿ ಜಾಸ್ತಿಯಾ?’

‘ಹಸಿವಿಲ್ಲ.’

‘ಈ ಮಾತು ಈ ಶಿಬಿರದಲ್ಲಿ ಯಾರೂ ಆಡಿಲ್ಲ. ಮೇಸ್ತ್ರಿ ಕೇಳಿದರೆ ಹುಚ್ಚು ಹಿಡೀತು ಅಂತ ಬರೆದುಕೋತಾನೆ.’ ಶಾಯಾ ತನ್ನ ಬಟ್ಟಲನ್ನು ಕೆಳಗಿಟ್ಟ. ‘ಆ ಗುರುವಾರದಿಂದ ಮೂವತ್ತು ದಿನ ಎಣಿಸೋಕೆ ನನಗೂ ಬರುತ್ತೆ ಪಂಚಾಂಗ. ಕುಡಿ.’

‘ನಾನೊಬ್ಬನೇ ಶಾಯಾ. ಯಾರಿಗೂ ಹೇಳಲ್ಲ. ನನಗೂ ಕೇಳಿಕೊಳ್ಳೋದು ಇದೆ. ಇವತ್ತು ನಿಜವಾಗಲೂ ಆ ದಿನ.’

‘ಇವತ್ತು ಆ ದಿನ ಆದರೆ ಆವತ್ತು ಏನು?’ ಅವನ ದನಿಯಲ್ಲಿ ಗೇಲಿ ಇರಲಿಲ್ಲ. ಇಲ್ಲದ್ದರಿಂದ ಫೈವಿಶ್ ಹೆದರಿದ. ‘ಅಮ್ಮನ ಬೆರಳು ಬಿಡಿಸಿದೆ ಅಂತ ಬೆರಿಶ್ ಹೇಳಿಕೊಂಡದ್ದು ಯಾರ ಹತ್ರ? ಗುರುವಾರದ ಹತ್ರಾನಾ? ಅವನಿಗೆ ಇದ್ದದ್ದು ಒಂದೇ ಉಪವಾಸ, ಅದನ್ನ ಕೊಟ್ಟದ್ದು ನೀನು. ಈಗ ನಿನಗೊಂದು ಒಳ್ಳೇ ದಿನ ಬೇಕು ಅಂತ ಅದನ್ನ ವಾಪಸ್ ತಗೋತೀಯಾ?’

‘ನಿನಗೆ ದೇವರು ಇಲ್ಲವಲ್ಲ.’

‘ನನಗಿಲ್ಲ. ಅವನಿಗಿದ್ದ. ಶನಿವಾರ ಉಪವಾಸ ಇರೋ ಹಾಗಿಲ್ಲ ಅನ್ನೋದು ಕ್ಷೌರಿಕನಾದ ನನಗೂ ಗೊತ್ತು. ಯೋಮ್ ಕಿಪುರ್ ಬಿದ್ದ ಶನಿವಾರ ಒಂದನ್ನ ಬಿಟ್ಟು. ಇದು ಆ ಶನಿವಾರ ಅಂತೀಯಾ, ಅಲ್ಲ ಅಂತೀಯಾ?’

ಫೈವಿಶ್ ಬಟ್ಟಲನ್ನು ನೋಡುತ್ತ ಕೂತ. ಅವನಿಗೆ ಫ್ರುಮೆಟ್‌ಳ ಬಗ್ಗೆ ಹೇಳಿಕೊಳ್ಳುವುದಿತ್ತು, ಬಾಗಿಲು ಹಾಕಿಕೊಂಡದ್ದನ್ನು ಹೇಳಿಕೊಳ್ಳುವುದಿತ್ತು, ಮೊನ್ನೆಯ ನಿರಾಳವನ್ನು ಹೇಳಿಕೊಳ್ಳುವುದಿತ್ತು. ಇಷ್ಟು ದಿನ ಈ ದಿನಕ್ಕಾಗಿಯೇ ಅವನು ಎದ್ದು ನಡೆದಿದ್ದ. ಶಾಯಾ ಎದ್ದು ನಿಂತು, ಸುತ್ತ ಸಾರು ಕುಡಿಯುತ್ತ ಕೂತಿದ್ದವರಿಗೆಲ್ಲ ಕೇಳುವಂತೆ, ಎಂದಿನ ತನ್ನ ತಮಾಷೆಯ ದನಿಯಲ್ಲಿ ಕೂಗಿದ:

‘ರೆಬ್ ಪಂಚಾಂಗ, ಇವತ್ತು ತಿಥಿ ಏನಪ್ಪ?’

ಹತ್ತಿಪ್ಪತ್ತು ತಲೆಗಳು ಇತ್ತ ತಿರುಗಿದವು. ಆವತ್ತು ಉಪವಾಸ ಮಾಡಿದವರಲ್ಲಿ ಉಳಿದವರೂ ಅವರಲ್ಲಿದ್ದರು.

‘ಹೆಶ್ವಾನ್ ಹತ್ತು,’ ಎಂದ ಫೈವಿಶ್. ಅವನು ಎಲ್ಲರಿಗೂ ಕೊಟ್ಟಿದ್ದ ಪಂಚಾಂಗದಲ್ಲಿ ತಿಶ್ರೀ ಆಗಲೇ ಮುಗಿದಿತ್ತು.

‘ಏನಾದರೂ ವಿಶೇಷ?’

ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

‘ಏನೂ ಇಲ್ಲ,’ ಎಂದ. ‘ಬರೀ ಶನಿವಾರ.’

ಸಾರು ಇನ್ನೂ ಬಿಸಿಯಾಗಿತ್ತು. ಅವನು ಕುಡಿದ, ತಳದಲ್ಲಿದ್ದ ಗಡ್ಡೆಯ ಚೂರನ್ನು ಬೆರಳಿನಿಂದ ತೆಗೆದು ತಿಂದ, ಶಾಯಾ ಸಾಕೆಂದು ತಲೆಯಾಡಿಸುವವರೆಗೂ ಬಟ್ಟಲನ್ನು ಸವರಿದ.